ಎರಡನೇ ಫಾರ್ಮು

ಚಪ್ಪಾಳೆ ಬಿದ್ದಾಗ ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ ಅವನು ಅರ್ಧ ಎದ್ದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ಪೂರ್ತಿ ಏಳುವುದಕ್ಕೂ ಆಗದೆ, ಕೂರುವುದಕ್ಕೂ ಆಗದೆ, ಮೊಣಕಾಲು ಬಗ್ಗಿಸಿಕೊಂಡು ಕುರ್ಚಿಯ ಕೈ ಹಿಡಿದು ಹಾಗೆಯೇ ಉಳಿದ. ಇಪ್ಪತ್ತು ವರ್ಷದಿಂದ ಈ ದಂತ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಚಪ್ಪಾಳೆಯ ಅಭ್ಯಾಸವಿರಲಿಲ್ಲ. ಕೆಟ್ಟಾಗ ಅವನ ನೆನಪಾಗುತ್ತಿತ್ತು, ಸರಿಹೋದ ಮೇಲೆ ಮರೆತುಹೋಗುತ್ತಿತ್ತು. ಅವನ ಹೆಸರು ಕೂಡ ಅರ್ಧ ಆಸ್ಪತ್ರೆಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಸಾರ್ ಅಂದರೆ ಸಾಕಾಗಿತ್ತು. ಈಗ ಡೈರೆಕ್ಟರೇ ಅವನ ಕಡೆ ಕೈ ತೋರಿಸಿ, "ನಮ್ಮ ಕಂಪ್ಯೂಟರ್ ಸಾರ್ ನಿನ್ನೆ ಒಂದೇ ದಿನದಲ್ಲಿ ಏನು ಮಾಡಿದಾರೆ ಗೊತ್ತಾ? ಹಲ್ಲು ಸೆಟ್ಟಿಗೆ ಕಾಯ್ತಿದ್ದೋರು ಆರು ಸಾವಿರದ ಇನ್ನೂರ ಹದಿನಾಲ್ಕು. ಇವತ್ತು ನಾಲ್ಕು ಸಾವಿರದ ಎಂಬತ್ತೇಳು. ಒಂದು ಹಲ್ಲೂ ಕಟ್ಟದೆ ಮೂರನೇ ಒಂದು ಭಾಗ ಸರತಿ ಕರಗಿಸಿದೀವಿ!" ಎನ್ನುತ್ತಿದ್ದರು. ಮುಂದಿನ ವಾರ ತಪಾಸಣೆಗೆ ಮೇಲಿನವರು ಬರುವವರಿದ್ದರು, ಹಾಗಾಗಿ ಡೈರೆಕ್ಟರಿಗೆ ಈ ಅಂಕಿ ಬಾಯಿಗೆ ಬಿದ್ದ ಸಕ್ಕರೆಯಾಗಿತ್ತು. ಡಾಕ್ಟರುಗಳು ಜೋರಾಗಿ ತಟ್ಟಿದರು. ನಿಜವಾಗಿ ಹಲ್ಲು ಕಟ್ಟುವ ಲ್ಯಾಬಿನವರು ಮಾತ್ರ ಎರಡು ಬೆರಳಿನಿಂದ ಅಂಗೈ ಮುಟ್ಟಿ ಸುಮ್ಮನಾದರು. ಅದನ್ನು ಅವನು ನೋಡಿದ, ಹೊಟ್ಟೆಕಿಚ್ಚು ಎಂದುಕೊಂಡ, ಹಾಗೆ ಎಂದುಕೊಂಡದ್ದಕ್ಕೆ ಇನ್ನಷ್ಟು ಖುಷಿಪಟ್ಟ.

ಕೆಲಸ ಅಷ್ಟೇನೂ ದೊಡ್ಡದಲ್ಲ. ಹಲ್ಲೆಲ್ಲ ಹೋದವರಿಗೂ ಹೋಗಲಿರುವವರಿಗೂ ಈ ಆಸ್ಪತ್ರೆಯಲ್ಲಿ ಪುಕ್ಕಟೆ ಹಲ್ಲು ಸೆಟ್ಟು ಕಟ್ಟಿಕೊಡುತ್ತಾರೆ. ವಾರಕ್ಕೆ ನಲವತ್ತು ಜನ, ಒಬ್ಬರು ಹೆಚ್ಚಿಲ್ಲ. ಬಂದವರು ಕೌಂಟರಿನಲ್ಲಿ ಫಾರ್ಮ್ ತುಂಬಿ ಹೋಗಿ ಕಾಯಬೇಕು. ಫಾರ್ಮ್ ಕೊಟ್ಟ ತಾರೀಖಿನಂತೆ ಸರದಿ, ಒಂದು ಫಾರ್ಮಿಗೆ ಕಂಪ್ಯೂಟರಿನ ಟೇಬಲ್ಲಿನಲ್ಲಿ ಒಂದು ಸಾಲು. ಆದರೆ ಫೋನ್ ನಂಬರು ಬದಲಾದರೆ, ಮನೆ ಬದಲಾದರೆ, ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ತಿದ್ದಿಸುವ ಫಾರ್ಮೆಂಬುದೇ ಇಲ್ಲ. ಅದು ಅಚ್ಚಿಗೆ ಹೋಗಿದೆ ಎಂದು ಹನ್ನೊಂದು ವರ್ಷದ ಹಿಂದೆ ಯಾರೋ ಹೇಳಿದ್ದರು. ಇನ್ನೂ ಅಚ್ಚಾಗುತ್ತಲೇ ಇದೆ. ಹಾಗಾಗಿ ಕೌಂಟರಿನಲ್ಲಿ ಕೂರುವ ಹೆಂಗಸು, ಎಲ್ಲರೂ ಕೌಂಟರಮ್ಮ ಎನ್ನುವಾಕೆ, ಯಾರು ಏನು ಕೇಳಿದರೂ ತಲೆಯೆತ್ತದೆ ಒಂದೇ ಮಾತು ಹೇಳುತ್ತಾಳೆ: "ಇನ್ನೊಂದು ಫಾರ್ಮ್ ತುಂಬಿ." ಜನ ತುಂಬುತ್ತಾರೆ. ತನ್ನ ಫಾರ್ಮ್ ಎಲ್ಲಿ ಕಳೆದುಹೋಯಿತೋ ಎಂಬ ಭಯಕ್ಕೆ ಒಬ್ಬ ಮುದುಕ ನಾಲ್ಕು ತಿಂಗಳಿಗೊಂದರಂತೆ ಒಂಬತ್ತು ತುಂಬಿದ್ದ. ಟೇಬಲ್ಲಿನಲ್ಲಿ ಅವನೊಬ್ಬನೇ ಒಂದು ಕುಟುಂಬವಾಗಿದ್ದ. ನಿನ್ನೆ ಕಂಪ್ಯೂಟರಿನವನು ಇಂಥವರನ್ನೆಲ್ಲ ಗುರುತಿನ ಚೀಟಿಯ ನಂಬರು ಹಿಡಿದು ಒಟ್ಟುಗೂಡಿಸಿ, ಒಬ್ಬೊಬ್ಬರ ಸಾಲುಗಳನ್ನೂ ಹೊಸದು ಮೊದಲು ಬರುವಂತೆ ಜೋಡಿಸಿ, ಮೊದಲನೆಯದನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಿದ್ದ. ಹೊಸದೇ ಯಾಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ನಾಲಗೆಯ ತುದಿಯಲ್ಲಿತ್ತು. ಹೊಸದರಲ್ಲಿ ತಾನೇ ಸರಿಯಾದ ಫೋನ್ ನಂಬರು ಇರುವುದು? ಆದರೆ ಯಾರೂ ಕೇಳಲಿಲ್ಲ. ಅಳಿಸುವ ಮುಂಚೆ ಹಳೆಯ ಟೇಬಲ್ಲಿನ ನಕಲೊಂದನ್ನು ಬೇರೆ ಕಡೆ ಇಟ್ಟುಕೊಂಡಿದ್ದ, ಅವನು ಅಷ್ಟು ಜಾಗರೂಕ. ಎರಡು ಸಾವಿರದ ನೂರ ಇಪ್ಪತ್ತೇಳು ಸಾಲು ಹೋಯಿತು ಎಂದು ಪರದೆ ತೋರಿಸಿದಾಗ ಸುಮ್ಮನೆ ಎದ್ದು ಚಹಾ ಕುಡಿಯಲು ಹೋದ. ಯಾರಾದರೂ ಕೆಲಸ ಎಲ್ಲಿಗೆ ಬಂತು ಎಂದು ಕೇಳಲಿ, ಆಗಲೇ ಮುಗಿಯಿತು ಎನ್ನಬಹುದು ಎಂಬ ಆಸೆಯಲ್ಲಿ ಎರಡು ಕಪ್ಪು ಕುಡಿದ.

ಮೀಟಿಂಗು ಮುಗಿಸಿ ತನ್ನ ಕೋಣೆಗೆ ಬರುವಾಗ ಕಾರಿಡಾರಿನ ಬೆಂಚುಗಳ ಮೇಲೆ ಕೂತವರನ್ನು ಅವನು ಎಂದಿಗಿಂತ ಪ್ರೀತಿಯಿಂದ ನೋಡಿದ. ಎಲ್ಲರೂ ಬಾಯಿಯ ಒಂದು ಕಡೆಯನ್ನು ಹಿಡಿದುಕೊಂಡವರು. ಹಲ್ಲಿದ್ದವರಿಗೆ ಹಲ್ಲಿನ ಚಿಂತೆ, ಇಲ್ಲದವರಿಗೆ ಸರತಿಯ ಚಿಂತೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ಮಾಡಿದವನಿಗೆ ಮಧ್ಯದಲ್ಲೊಂದು ಕೌಂಟರು ಇರುತ್ತದೆಂದು ಗೊತ್ತಿರಲಿಲ್ಲ. ಅವನ ಈ ಪ್ರೀತಿಗೆ ಒಂದು ಗುಟ್ಟಿನ ಕಾರಣವೂ ಇತ್ತು, ಅದನ್ನು ಮೀಟಿಂಗಿನಲ್ಲಿ ಯಾರೂ ಹೇಳಲಿಲ್ಲ, ಯಾಕೆಂದರೆ ಅವನೇ ಯಾರಿಗೂ ಹೇಳಿರಲಿಲ್ಲ. ಈ ಸ್ವಚ್ಛತೆಯ ಕೆಲಸವನ್ನು ಡೈರೆಕ್ಟರ್ ಆರು ತಿಂಗಳಿಂದ ಕೇಳುತ್ತಿದ್ದರು, ಅವನು ಆರು ತಿಂಗಳಿಂದ "ನೋಡೋಣ ಸಾರ್" ಎನ್ನುತ್ತಿದ್ದ. ಎರಡು ದಿನದ ಹಿಂದೆ ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ ಅಕ್ಕನ ಸಾಲು ಎಪ್ಪತ್ತನಾಲ್ಕನೆಯದಾಗಿತ್ತು. ಅವಳ ಮುಂದಿರುವ ಡೂಪ್ಲಿಕೇಟುಗಳು ಹೋದರೆ ಅವಳು ನಲವತ್ತರೊಳಗೆ ಬರಬಹುದು ಎಂದು ಹೊಳೆದದ್ದೇ ತಡ, ಮರುದಿನವೇ ಡೈರೆಕ್ಟರ ಬಾಗಿಲು ತಟ್ಟಿ, ಆಸ್ಪತ್ರೆಯ ಹಿತದೃಷ್ಟಿಯಿಂದ ಇದನ್ನು ಇನ್ನು ಮುಂದೂಡುವುದು ಸರಿಯಲ್ಲ ಎಂದಿದ್ದ. ಹಿತದೃಷ್ಟಿ ಎಂಬ ಪದವನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನವಳು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ಹೊತ್ತಿಗೆ, ಎಲ್ಲ ಇಪ್ಪತ್ತಾರು ವರ್ಷ ಅವಳ ಬಾಯಿಂದಲೇ ಬರುತ್ತಿತ್ತು. ಊರಿಗೆ ಅವಳ ಮುಖ ಗೊತ್ತಿಲ್ಲ, ಧ್ವನಿ ಗೊತ್ತು. ತರಕಾರಿ ಅಂಗಡಿಯಲ್ಲಿ ಟೊಮೇಟೊ ಎಷ್ಟು ಎಂದು ಕೇಳಿದರೆ ಪಕ್ಕದವರು ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ್ದುಂಟು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಕಾಲೇಜಿಗೆ ಹೋಗಲು ಅಲ್ಲಿ ನಿಂತಿದ್ದ. ತನ್ನ ಬಸ್ಸಿನ ಹೆಸರು ಅಕ್ಕನ ಬಾಯಲ್ಲಿ ತಲೆಯ ಮೇಲಿಂದ ಇಳಿದು ಬಂದಾಗ ಎಷ್ಟು ಮೈಮರೆತನೆಂದರೆ, ಬಸ್ಸು ಬಂತು, ನಿಂತಿತು, ಹೋಯಿತು. ಆ ಅಕ್ಕನ ಒಸಡು ಕೆಟ್ಟು, ಹಲ್ಲು ಒಂದೊಂದೇ ಅಲ್ಲಾಡಿ, ಎಂಟು ತಿಂಗಳ ಹಿಂದೆ ಕೊನೆಯದನ್ನೂ ಕಿತ್ತರು. ಹಲ್ಲಿನ ಜತೆ ಸ, ತ, ದ ಎಲ್ಲ ಹೋದವು. ಯಾವ ಅಕ್ಷರ ಹಿಡಿದರೂ ಬಾಯಿಂದ ಗಾಳಿಯೇ ಬರುತ್ತಿತ್ತು. ಮೊದಲ ದಿನ ಮೈಕಿನಲ್ಲಿ ಮಾತಾಡಿದಾಗ ಪ್ಲಾಟ್‌ಫಾರ್ಮಿನಲ್ಲಿ ಯಾರೋ ಅಣಕಿಸಿದರು, ನಾಲ್ಕಾರು ಜನ ನಕ್ಕರು, ಅಕ್ಕ ಮೈಕು ಆರಿಸಿ ಎದ್ದು ಬಂದಳು. ಆವತ್ತಿನಿಂದ ವಿಚಾರಣೆ ಕೌಂಟರಿನಲ್ಲಿ ಬಾಯಿಗೆ ಅಂಗೈ ಅಡ್ಡ ಹಿಡಿದು ಕೂರುತ್ತಾಳೆ. ಮೈಕಿಗೆ ಒಬ್ಬ ಹುಡುಗಿಯನ್ನು ತಾತ್ಕಾಲಿಕವಾಗಿ ಹಾಕಿದ್ದಾರೆ. ಬರುವ ಒಂದನೇ ತಾರೀಖಿನೊಳಗೆ ಅಕ್ಕ ಮೈಕಿಗೆ ವಾಪಸಾದರೆ ಸರಿ, ಇಲ್ಲದಿದ್ದರೆ ಆ ಹುಡುಗಿಯೇ ಕಾಯಂ ಎಂದು ಅಲ್ಲಿನ ಅಧಿಕಾರಿ ಹೇಳಿ ಆಗಿತ್ತು. ಹಲ್ಲು ಸೆಟ್ಟಿಗೆ ಐದು ಸಲ ಬರಬೇಕು, ಮೂರು ವಾರ ಹಿಡಿಯುತ್ತದೆ. ಈ ಸೋಮವಾರದ ನಲವತ್ತರಲ್ಲಿ ಅಕ್ಕ ಇದ್ದರೆ ಒಂದನೇ ತಾರೀಖಿಗೆ ಬಾಯಿ ತುಂಬ ಹಲ್ಲು. ಮುಂದಿನ ವಾರವೆಂದರೆ ಒಂದು ವಾರ ತಡ. ಒಂದು ವಾರ ತಡವೆಂದರೆ ಮುಗಿಯಿತು.

ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟುಕೊಂಡು ಅವನು ಸೋಮವಾರದ ಪಟ್ಟಿಯನ್ನು ಪರದೆಗೆ ತಂದ. ತಾನೇ ಗೆದ್ದ ಆಟದ ಫಲಿತಾಂಶವನ್ನು ಇನ್ನೊಮ್ಮೆ ನೋಡುವ ಚಪಲ. ಮೂವತ್ತರ ಆಸುಪಾಸಿನಲ್ಲಿ ಅಕ್ಕ ಇರಲಿಲ್ಲ. ನಲವತ್ತರಲ್ಲಿ ಇರಲಿಲ್ಲ. ನೂರರವರೆಗೂ ಇಳಿಸಿದ, ಇರಲಿಲ್ಲ. ಅಕ್ಕನನ್ನೇ ಅಳಿಸಿಬಿಟ್ಟೆನೇ ಎಂದುಕೊಂಡ. ಗುರುತಿನ ಚೀಟಿಯ ನಂಬರು ಹಾಕಿ ಹುಡುಕಿದಾಗ ಸಿಕ್ಕಳು: ಮೂರು ಸಾವಿರದ ನೂರ ಹನ್ನೆರಡು. ಬಾಯಲ್ಲಿದ್ದ ತುತ್ತನ್ನು ಅಗಿಯುವುದು ನಿಲ್ಲಿಸಿ ಅವನು ಆ ಸಾಲನ್ನೇ ನೋಡಿದ. ತಾರೀಖು ಅಕ್ಕ ಮೊದಲು ಬರೆಸಿದ ಎರಡೂವರೆ ವರ್ಷದ ಹಿಂದಿನದಲ್ಲ, ಕಳೆದ ವರ್ಷದ್ದು. ಅಕ್ಕನ ಫೋನ್ ನಂಬರು ಬದಲಾದ ದಿನದ್ದು. ಆ ದಿನ ಅಕ್ಕ, "ಸುಮ್ನೆ ಅವರಿಗೊಂದು ಮಾತು ಹೇಳಿ ನಂಬರು ತಿದ್ದಿಸೋ," ಎಂದಿದ್ದಳು. ಸ್ವಂತದವರಿಗಾಗಿ ಟೇಬಲ್ಲಿಗೆ ಕೈ ಹಾಕುವವನಲ್ಲ ತಾನು ಎಂಬ ಹಮ್ಮಿನಲ್ಲಿ ಅವನು, "ಇನ್ನೊಂದು ಫಾರ್ಮ್ ತುಂಬು ಅಕ್ಕ, ನಷ್ಟ ಏನಿಲ್ಲ. ಆಮೇಲೆ ನಾನು ಕ್ಲೀನ್ ಮಾಡ್ತೀನಿ," ಎಂದಿದ್ದ. ಮಾಡಿದ್ದೂ ಆಯಿತು. ಹೊಸ ಸಾಲಿನ ಫೋನ್ ನಂಬರು ಉಳಿದುಕೊಂಡಿತು, ಹಳೆಯ ಸಾಲಿನ ತಾರೀಖು ಹೋಯಿತು. ಮತ್ತು ಈ ಟೇಬಲ್ಲಿನಲ್ಲಿ ತಾರೀಖೇ ಸರದಿ ಎಂಬುದು ಬೆಂಚಿನ ಮೇಲೆ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ಕಂಪ್ಯೂಟರ್ ಸಾರಿಗೆ ಒಬ್ಬರಿಗೇ.

ಅಕ್ಕನೊಬ್ಬಳೇ ಅಲ್ಲ. ಎಣಿಸಿದ, ಎಣಿಸುವುದು ಅವನಿಗೆ ಬರುವ ಕೆಲಸ. ಒಂದಕ್ಕಿಂತ ಹೆಚ್ಚು ಫಾರ್ಮ್ ತುಂಬಿದವರು ಸಾವಿರದ ಮುನ್ನೂರ ನಾಲ್ಕು ಜನ. ಮನೆ ಬದಲಿಸಿದವರು, ಫೋನ್ ಕಳೆದುಕೊಂಡವರು, ಬರೀ ಹೆದರಿಕೆಗೆ ಬಂದವರು. ಅಷ್ಟೂ ಜನರನ್ನು ಅವನು ಒಂದೇ ಬೆಳಿಗ್ಗೆ ಸಾಲಿನ ಹಿಂದಕ್ಕೆ ನೂಕಿದ್ದ. ಒಂಬತ್ತು ಫಾರ್ಮಿನ ಮುದುಕ ಈಗ ಕಟ್ಟಕಡೆಯಲ್ಲಿ, ಕಳೆದ ವಾರ ಫಾರ್ಮ್ ಕೊಟ್ಟವರ ಜತೆ ನಿಂತಿದ್ದ. ಹೆಚ್ಚು ಹೆದರಿದವರಿಗೆ ಹೆಚ್ಚು ಶಿಕ್ಷೆ. ಬೇಕೆಂದೇ ಯೋಚಿಸಿ ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ. ಸರಿಪಡಿಸುವುದು ಕಷ್ಟವೇನಲ್ಲ, ನಕಲು ಇದೆ, ಕಾಲು ಗಂಟೆಯ ಕೆಲಸ. ಕಷ್ಟವಿದ್ದದ್ದು ಡೈರೆಕ್ಟರ ಕೋಣೆಗೆ ಹೋಗಿ, "ಸಾರ್, ಬೆಳಿಗ್ಗೆ ತಟ್ಟಿದ ಚಪ್ಪಾಳೆ ವಾಪಸು ತಗೊಳ್ಳಿ," ಎನ್ನುವುದರಲ್ಲಿ. ಹೇಳದೆ ಮಾಡಲು ಬರುವುದಿಲ್ಲ, ಪಟ್ಟಿ ಆಗಲೇ ಅವರ ಸಹಿಯಾಗಿ ಕೆಳಗೆ ಕೌಂಟರಿಗೆ ಇಳಿದಿತ್ತು, ಅಷ್ಟೊಂದು ಹೆಸರು ಬದಲಾದರೆ ಗೊತ್ತಾಗದೆ ಇರುತ್ತಿರಲಿಲ್ಲ. ಆ ಚಪ್ಪಾಳೆ ಇನ್ನೂ ಮೈಮೇಲೆ ಬೆಚ್ಚಗಿತ್ತು. ನಾಲ್ಕು ಗಂಟೆಗೆ ಸೋಮವಾರದ ನಲವತ್ತು ಜನಕ್ಕೆ ತಾನಾಗಿ ಮೆಸೇಜು ಹೋಗುತ್ತದೆ. ಈಗ ಎರಡೂಮುಕ್ಕಾಲು.

ನಂತರ ಏನಾಯಿತೆಂದರೆ, ಅವನು ಅಕ್ಕನ ಒಂದು ಸಾಲನ್ನು ಮಾತ್ರ ತಿದ್ದಿದ. ಹಾಗೆ ಮಾಡುತ್ತೇನೆಂದು ತೀರ್ಮಾನಿಸಿದ್ದು ನೆನಪಿಲ್ಲ. ಮೊದಲು ಸುಮ್ಮನೆ ಹಳೆಯ ತಾರೀಖನ್ನು ನಕಲಿನಿಂದ ತೆಗೆದು ನೋಡಿದ, ಆಮೇಲೆ ಸುಮ್ಮನೆ ಅದನ್ನು ಸಾಲಿನಲ್ಲಿ ಹಾಕಿ ನೋಡಿದ, ಆಮೇಲೆ ತೆಗೆಯಲಿಲ್ಲ. ಅಕ್ಕ ಮೂವತ್ತೊಂದನೆಯವಳಾದಳು. ತಕ್ಷಣ ತಲೆಯೊಳಗೆ ಒಬ್ಬ ವಕೀಲ ಎದ್ದು ನಿಂತ. ಇದು ವಶೀಲಿಯಲ್ಲ, ತಿದ್ದುಪಡಿ. ಅದು ಅವಳ ನಿಜವಾದ ತಾರೀಖು. ಯಾರದನ್ನೂ ಕಿತ್ತು ಕೊಟ್ಟಿಲ್ಲ. ಮಿಕ್ಕ ಸಾವಿರದ ಮುನ್ನೂರ ಮೂರು ಜನರದ್ದನ್ನು ತಪಾಸಣೆ ಮುಗಿದ ಮೇಲೆ, ನಿಧಾನವಾಗಿ, ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿದರಾಯಿತು. ವಕೀಲ ಒಳ್ಳೆಯವನೇ, ಆದರೆ ಅವನ ಕಕ್ಷಿದಾರನಿಗೆ ಲೆಕ್ಕ ಬರುತ್ತಿತ್ತು. ಅಕ್ಕನ ಮುಂದಿದ್ದವರು ಹಿಂದೆ ಹೋಗಿದ್ದರಿಂದಲೇ ಅವಳು ಮೂವತ್ತೊಂದು. ಅವರೆಲ್ಲ ತಮ್ಮ ಜಾಗಕ್ಕೆ ಬಂದರೆ ಅವಳು ಎಷ್ಟನೆಯವಳಾಗುತ್ತಾಳೆ ಎಂಬುದನ್ನು ಅವನು ಲೆಕ್ಕ ಹಾಕಬಹುದಿತ್ತು, ಹಾಕಲಿಲ್ಲ. ಗಡಿಯಾರ ನೋಡುತ್ತಾ ಕೂತ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ, ಕೌಂಟರಮ್ಮ ಏನೋ ಕಾಗದ ಕೇಳಲು ಬಂದಾಗ ಪರದೆಗೆ ಅಡ್ಡ ನಿಂತ. "ನಿಮ್ಮ ಕಂಪ್ಯೂಟರ್ ನಾನ್ಯಾಕೆ ನೋಡ್ಲಿ ಸಾರ್?" ಎಂದು ಅವಳು ಕಾಗದ ತೆಗೆದುಕೊಂಡು ಹೋದಳು. ನಾಲ್ಕು ಹೊಡೆಯಿತು, ಮೆಸೇಜು ಹೋಯಿತು.

ಸಂಜೆ ಬಾಗಿಲು ತೆಗೆದದ್ದೇ ಅಕ್ಕ. ಬಾಯಿಗೆ ಅಡ್ಡವಿರಬೇಕಾದ ಅಂಗೈಯಲ್ಲಿ ಫೋನಿತ್ತು. "ಬಂತು ಕಣೋ! ಸೋಮವಾರ ಒಂಬತ್ತಕ್ಕೆ ಬನ್ನಿ ಅಂತ. ಮೂವತ್ತೊಂದನೇ ನಂಬರು. ನೀನು ಹೇಳಿದ ಹಾಗೇ ಆಯ್ತು ನೋಡು," ಎಂದು ಖಾಲಿ ಬಾಯಿ ಬಿಟ್ಟು ನಕ್ಕಳು, ಎಂಟು ತಿಂಗಳಲ್ಲಿ ಅವನು ಆ ಬಾಯಿ ಕಂಡದ್ದು ಅದೇ ಮೊದಲು. ಎಂಟು ತಿಂಗಳಿಂದ ಅವಳು ಅಡುಗೆಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತೇ ಊಟ ಮುಗಿಸುತ್ತಿದ್ದಳು. ಇಂದು ತಟ್ಟೆ ತಂದು ಮೇಜಿನ ಎದುರು, ಅವನ ಹೆಂಡತಿಯ ಪಕ್ಕದಲ್ಲಿ ಕೂತಳು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಒಸಡಿನಿಂದ ಒತ್ತುತ್ತಾ, ಗಲ್ಲ ಮೂಗಿಗೆ ತಾಗುವಂತೆ ಅಗಿಯುತ್ತಾ, ಒಂದನೇ ತಾರೀಖು ಬೆಳಿಗ್ಗೆ ಐದೂಕಾಲಿನ ಬಸ್ಸಿನಿಂದಲೇ ಶುರು ಮಾಡುತ್ತೇನೆ, ಆ ಹುಡುಗಿ ಪಾಪ ಒಳ್ಳೆಯವಳು, ಆದರೆ ಊರುಗಳ ಹೆಸರನ್ನು ನುಂಗುತ್ತಾಳೆ ಎಂದೆಲ್ಲ ಹೇಳಿದಳು. ಅವನಿಗೆ ಅಳು ಬಂದಂತಾಯಿತು. ತಾನು ಮಾಡಿದ್ದೇ ಸರಿ ಎಂದು ಅವನಿಗೆ ಆ ಹತ್ತು ನಿಮಿಷ ನಿಜವಾಗಿಯೂ ಅನ್ನಿಸಿತು.

"ಟೋಕನಮ್ಮನಿಗೂ ಬಂದಿರ್ಬೇಕಲ್ವಾ?" ಅಂದಳು ಅಕ್ಕ.

ಟೋಕನಮ್ಮ ಅಂದರೆ ಬಸ್‌ಸ್ಟ್ಯಾಂಡಿನ ಲಗೇಜ್ ರೂಮಿನಲ್ಲಿ ಚೀಲ ಇಟ್ಟುಕೊಂಡು ಟೋಕನ್ ಕೊಡುವ ಹೆಂಗಸು. ಅಕ್ಕನ ಮಾತಿನಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಾಳೆ. ಅವನು ಒಂದು ಸಲವೂ ನೋಡಿದವನಲ್ಲ, ಹೆಸರೇನೆಂದು ಕೇಳಿದವನೂ ಅಲ್ಲ.

"ಅವಳೂ ಬರೆಸಿದಾಳಾ?"

"ಬರೆಸಿದಾಳಾ ಅಂತೀಯಲ್ಲೋ! ಅವಳೇ ನನ್ನ ಎಳ್ಕೊಂಡು ಬಂದಿದ್ದು ನಿಮ್ಮಾಸ್ಪತ್ರೆಗೆ. ನನಗಿಂತ ಒಂದು ತಿಂಗಳು ಮುಂಚೆ ಬರೆಸಿದ್ಲು. ಆಮೇಲೆ ಫೋನ್ ಕಳ್ಕೊಂಡ್ಲು. ನಾನೇ ಹೇಳ್ದೆ, ನನ್ನ ತಮ್ಮ ಅಲ್ಲೇ ಇದಾನೆ, ಇನ್ನೊಂದು ಫಾರ್ಮ್ ತುಂಬಿದ್ರೆ ನಷ್ಟ ಏನಿಲ್ಲ ಅಂದಿದಾನೆ, ತುಂಬು ಅಂತ. ಇವತ್ತು ಸಂಜೆವರೆಗೂ ಅವಳಿಗೆ ಯಾರೂ ಏನೂ ಹೇಳಿಲ್ಲ. ಮೊಬೈಲ್ ಇಲ್ದೋರಿಗೆ ನೀವೇ ಫೋನ್ ಮಾಡ್ತೀರಲ್ವಾ?"

"ಮಾಡ್ತಾರೆ. ನಾಳೆ ಮಾಡ್ಬಹುದು," ಎಂದು ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ನನಗೆ ಬಂದಿದೆ ಅಂದ್ಮೇಲೆ ಅವಳಿಗೆ ಬರ್ಲೇಬೇಕು. ಅಲ್ವಾ?"

"ಹೂಂ ಅಕ್ಕ."

ಅಕ್ಕ ಅಗಿಯುವುದನ್ನು ನಿಲ್ಲಿಸಿ ನೋಡಿದಳು. ಇಪ್ಪತ್ತಾರು ವರ್ಷ, ತಡವಾಗಿದೆಯೋ ರದ್ದಾಗಿದೆಯೋ ಎಂದು ಡಿಪೋದವರ ಒಂದು ಹೂಂಕಾರದಲ್ಲಿ ತಿಳಿಯುತ್ತಿದ್ದವಳು. "ನೀನೇನಾದ್ರೂ ಮಾಡಿದ್ಯೇನೋ?"

"ನಾನೇನು ಮಾಡ್ಲಿ? ಎಲ್ಲಾ ಕಂಪ್ಯೂಟರೇ ಮಾಡೋದು."

ಅಕ್ಕ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಹೆಂಡತಿ ಮೇಜು ಒರೆಸುತ್ತಾ, "ರೀ, ಸುಳ್ಳು ಹೇಳೋವಾಗ ನೀವು ಕನ್ನಡಕ ಒರೆಸ್ತೀರಿ. ಮದುವೆಯಾದ ವಾರಕ್ಕೇ ಗೊತ್ತಾಯ್ತು ನನಗೆ. ಅತ್ತಿಗೆಗೆ ಎಷ್ಟು ವರ್ಷದಿಂದ ಗೊತ್ತಿರ್ಬೇಕು?" ಎಂದಳು. ಅವನು ಕನ್ನಡಕ ಹಾಕಿಕೊಂಡ. ಹಾಕಿಕೊಂಡ ಮೇಲೆ ಎಲ್ಲ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು, ಅದೇ ತೊಂದರೆಯಾಗಿತ್ತು.

ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟುವಾಗ ತಲೆಯೆತ್ತದೆ, "ಟೋಕನಮ್ಮ ಕೇಳ್ತಾಳೆ. ಏನು ಹೇಳ್ಲಿ?" ಎಂದಳು. ಬಾಯಿಗೆ ಅಂಗೈ ಮತ್ತೆ ಅಡ್ಡ ಬಂದಿತ್ತು. ಅವನು ಆಸ್ಪತ್ರೆಗೆ ನಡೆಯುತ್ತಾ ದಾರಿಯುದ್ದಕ್ಕೂ ಡೈರೆಕ್ಟರ ಮುಂದೆ ಹೇಳಬೇಕಾದ ಮಾತನ್ನು ಕಟ್ಟಿದ, ಒಡೆದ, ಮತ್ತೆ ಕಟ್ಟಿದ. ಇದು ಧೈರ್ಯವಲ್ಲವೆಂದು ಅವನಿಗೇ ಗೊತ್ತಿತ್ತು. ಅಕ್ಕ ಮೇಜಿನಿಂದ ತಟ್ಟೆ ಎತ್ತಿಕೊಂಡು ಹೋಗದೆ ಇದ್ದಿದ್ದರೆ ತಾನು ಇಷ್ಟು ಹೊತ್ತಿಗೆ ಚಹಾದ ಎರಡನೇ ಕಪ್ಪಿನಲ್ಲಿರುತ್ತಿದ್ದ. ಆದರೂ ಹೆಜ್ಜೆ ಹೆಜ್ಜೆಗೂ ಮಾತಿಗೆ ಒಂದು ಘನತೆ ಬರುತ್ತಾ ಹೋಯಿತು. ಮೆಟ್ಟಿಲು ಹತ್ತುವಾಗ ತಾನು ರಾಜೀನಾಮೆ ಕೊಡುವವರೆಗೂ, ಡೈರೆಕ್ಟರ್ ಬೇಡವೆನ್ನುವವರೆಗೂ ಕಥೆ ಬೆಳೆದಿತ್ತು. ಬಾಗಿಲು ತಟ್ಟಿ ಒಳಗೆ ಹೋಗಿ, ಕೂರದೆ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಹೊಸ ಸಾಲು ಉಳಿಸಿದ್ದು, ತಾರೀಖು ಹೋದದ್ದು, ಸಾವಿರದ ಮುನ್ನೂರ ನಾಲ್ಕು ಜನ. ಅಕ್ಕನ ಸಾಲು ತಿದ್ದಿದ್ದನ್ನೂ ಹೇಳಿದ. ಅಲ್ಲಿ ಮಾತ್ರ ಧ್ವನಿ ಕೀರಲಾಯಿತು.

ಡೈರೆಕ್ಟರ್ ಪೆನ್ನು ಕೆಳಗಿಟ್ಟರು. "ಸರಿ ಮಾಡಿದ್ರೆ ಲೆಕ್ಕ ಎಷ್ಟಾಗುತ್ತೆ? ಮತ್ತೆ ಆರು ಸಾವಿರ ಆಗುತ್ತಾ?"

"ಇಲ್ಲ ಸಾರ್. ಲೆಕ್ಕ ಅದೇ. ನಾಲ್ಕು ಸಾವಿರದ ಎಂಬತ್ತೇಳು. ಯಾರು ಮುಂದೆ ಯಾರು ಹಿಂದೆ ಅನ್ನೋದು ಮಾತ್ರ ಬದಲಾಗುತ್ತೆ."

"ನಾಲ್ಕು ಸಾವಿರದ ಎಂಬತ್ತೇಳೇ ತಾನೇ?"

"ಹೌದು ಸಾರ್."

"ಮತ್ತೇನ್ರೀ? ಮಾಡಿ. ಇಷ್ಟಕ್ಕೆಲ್ಲ ನನ್ನ ಹತ್ರ ಯಾಕೆ ಬರ್ತೀರಿ?" ಎಂದು ಪೆನ್ನು ಎತ್ತಿಕೊಂಡರು. ಅವನು ನಿಂತೇ ಇದ್ದ. ಬೈಯಿಸಿಕೊಳ್ಳಲು ತಂದಿದ್ದ ಮುಖವನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ತನ್ನ ತಪ್ಪು ದೊಡ್ಡದು ಎಂದು ಯಾರಾದರೂ ಒಪ್ಪಲೇಬೇಕೆಂಬ ಹಟ ಎದೆಯಲ್ಲಿ ಎದ್ದಿತು, ಅದನ್ನೂ ನುಂಗಿದ. "ಇನ್ನೇನಾದ್ರೂ ಇದೆಯಾ?" ಎಂದು ಅವರು ಕೇಳಿದ ಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಬಂದ. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಇಲಿಯಾದರೂ ಸಿಕ್ಕಿತ್ತು.

ಕಾಲು ಗಂಟೆ ಎಂದುಕೊಂಡದ್ದು ಹನ್ನೆರಡು ನಿಮಿಷಕ್ಕೆ ಮುಗಿಯಿತು. ಫೋನ್ ನಂಬರು ಹೊಸದರದ್ದು, ತಾರೀಖು ಹಳೆಯದರದ್ದು. ಎಷ್ಟು ಸುಲಭವೆಂದರೆ ನಾಚಿಕೆಯಾಗುವಷ್ಟು. ಒಂಬತ್ತು ಫಾರ್ಮಿನ ಮುದುಕ ಹನ್ನೊಂದನೆಯವನಾದ. ಅಕ್ಕ ನಲವತ್ತೇಳನೆಯವಳಾದಳು. ನಿನ್ನೆ ಹಾಕದೆ ಬಿಟ್ಟ ಲೆಕ್ಕ ಇದೇ. ನಲವತ್ತಕ್ಕೆ ಏಳು ಜನ ಹೆಚ್ಚು. ಅವನು ಪರದೆಯ ಮೇಲೆ ಅವಳಿಗಿಂತ ಮುಂದಿದ್ದ ಏಳು ಹೆಸರನ್ನು ಒಂದೊಂದಾಗಿ ಓದಿದ, ಯಾರಾದರೂ ತೀರಿಕೊಂಡಿರಬಹುದೇ ಎಂಬ ಯೋಚನೆ ಬಂತು, ಬಂದದ್ದನ್ನು ಗಮನಿಸಿ ತನ್ನ ಬಗ್ಗೆ ತನಗೆ ಹೇಸಿಗೆಯಾಯಿತು. ನಿನ್ನೆಯ ನಲವತ್ತರಲ್ಲಿ ಹದಿನಾಲ್ಕು ಜನರಿಗೆ ಬರಬೇಡಿ ಎನ್ನಬೇಕು, ಬೇರೆ ಹದಿನಾಲ್ಕು ಜನರಿಗೆ ಬನ್ನಿ ಎನ್ನಬೇಕು. ಪಟ್ಟಿ ತೆಗೆದುಕೊಂಡು ಕೆಳಗೆ ಹೋದಾಗ ಕೌಂಟರಮ್ಮ ಅದನ್ನು ಮುಟ್ಟಲೇ ಇಲ್ಲ. "ಬನ್ನಿ ಅನ್ನೋದು ನನ್ನ ಕೆಲಸ ಸಾರ್. ಬಂದೋರಿಗೆ ಇನ್ನೊಂದು ಫಾರ್ಮ್ ತುಂಬಿ ಅನ್ನೋದೂ ನನ್ನ ಕೆಲಸ. ಕರೆದು ಬೇಡ ಅನ್ನೋದು ನನ್ನಿಂದ ಆಗಲ್ಲ. ನೀವೇ ಮಾಡಿ, ಬೇಕಾದ್ರೆ ಫೋನ್ ಇಲ್ಲಿದೆ," ಎಂದು ಸ್ಟೂಲು ಜರುಗಿಸಿ ಜಾಗ ಕೊಟ್ಟಳು.

ಅವನು ಅಲ್ಲೇ, ಬೆಂಚಿನವರೆಲ್ಲ ನೋಡುತ್ತಿರುವಂತೆ, ಸ್ಟೂಲಿನ ಮೇಲೆ ಕೂತು ಫೋನ್ ಮಾಡಿದ. ಮೊದಲು ಬೇಡ ಎನ್ನುವವರು. ತಪ್ಪು ನಮ್ಮದು ಎಂದು ಹೇಳಲು ಹೊರಟವನು ಮೊದಲ ಕರೆಯಲ್ಲಿ ತಾಂತ್ರಿಕ ಕಾರಣ ಎಂದ. ಪಕ್ಕದಲ್ಲಿ ಕೌಂಟರಮ್ಮ ಗಂಟಲು ಸರಿಮಾಡಿಕೊಂಡಳು. ಎರಡನೆಯದರಿಂದ ತಪ್ಪು ನನ್ನದು ಎನ್ನತೊಡಗಿದ. ಒಬ್ಬ ಹೆಂಗಸು ನಿನ್ನ ಹಲ್ಲೂ ಉದುರಿಹೋಗಲಿ ಎಂದಳು. ಒಬ್ಬ, ಸೋಮವಾರಕ್ಕೆಂದು ರಜ ಹಾಕಿದ್ದೇನೆ, ಆ ರಜ ನೀನು ಕೊಡ್ತೀಯಾ ಎಂದು ಕೇಳಿದ. ಇನ್ನೊಬ್ಬ ಮುದುಕ ಎಲ್ಲ ಕೇಳಿಸಿಕೊಂಡು, "ಹೌದಾ? ಸರಿ ಬಿಡಪ್ಪ. ನೀನು ತಿಂಡಿ ತಿಂದ್ಯಾ?" ಎಂದ. ಬೈದವರು ಎಷ್ಟೋ ವಾಸಿ ಅನ್ನಿಸಿತು. ಹದಿಮೂರು ಮುಗಿಯಿತು. ಹದಿನಾಲ್ಕನೆಯದು ಅಕ್ಕನ ಮೊಬೈಲು. ಅದನ್ನು ಆಮೇಲೆ ಮಾಡಿದರಾಯಿತು, ಮೊದಲು ಒಳ್ಳೆಯ ಸುದ್ದಿಗಳನ್ನು ಮುಗಿಸೋಣ ಎಂದು ಎರಡನೇ ಪಟ್ಟಿಗೆ ಹಾರಿದ. ಅಲ್ಲಿ ಎಲ್ಲ ಸಲೀಸಾಗಿ ಸಾಗಿತು. ಒಂಬತ್ತು ಫಾರ್ಮಿನ ಮುದುಕ ಸುದ್ದಿ ಕೇಳಿ, "ಯಾವ ಫಾರ್ಮಿಗೆ ಬಂತು ಸಾರ್?" ಎಂದ. ಎಂಟನೆಯ ಹೆಸರು, ಸರದಿ ಇಪ್ಪತ್ತೊಂಬತ್ತು, ಒಬ್ಬ ಹೆಂಗಸು, ನಂಬರು ಮೊಬೈಲಿನದಲ್ಲ. ಒತ್ತಿದ. ಮೂರು ಸಲ ಬಡಿಯಿತು.

"ವಿಚಾರಣೆ," ಎಂದಳು ಅಕ್ಕ.

ಹಿಂದೆ ಬಸ್ಸುಗಳ ಗಡಗಡ ಕೇಳುತ್ತಿತ್ತು. ಅವನು ಕಾಗದದ ಮೇಲಿನ ಹೆಸರನ್ನು ಓದಿ, "ಇವರು ಇದಾರಾ?" ಎಂದ. ಧ್ವನಿ ತನ್ನದೆಂದು ತಿಳಿಯದಿರಲಿ ಎಂದು ಒಂದು ಕ್ಷಣ ಆಸೆಪಟ್ಟ.

"ಟೋಕನಮ್ಮನಾ? ಲಗೇಜ್ ರೂಮಲ್ಲಿದಾಳೆ. ಯಾರು ಮಾತಾಡೋದು?" ಮತ್ತೆ ಒಂದು ಗಳಿಗೆ ಬಿಟ್ಟು, "ನೀನೇನೋ?"

"ಹೂಂ ಅಕ್ಕ."

"ಏನಂತೆ?"

"ಅವರ ಸರದಿ ಬಂದಿದೆ. ಇಪ್ಪತ್ತೊಂಬತ್ತು. ಸೋಮವಾರ ಒಂಬತ್ತಕ್ಕೆ ಬರೋಕೆ ಹೇಳು."

"ನಂದು?"

ಹದಿಮೂರು ಸಲ ಹೇಳಿ ಬಾಯಿಪಾಠವಾಗಿದ್ದ ಮಾತು ಅವನಿಗೆ ಒಂದಕ್ಷರವೂ ನೆನಪಾಗಲಿಲ್ಲ. "ನಲವತ್ತೇಳು," ಎಂದ.

ವಾರಕ್ಕೆ ಎಷ್ಟು ಜನ ಎಂದು ಅಕ್ಕನಿಗೆ ಹೇಳಬೇಕಾದದ್ದಿರಲಿಲ್ಲ. "ಅಂದ್ರೆ ಮುಂದಿನ ವಾರ."

"ಹೂಂ."

"ನಿನ್ನೆ ಮೂವತ್ತೊಂದು ಮಾಡಿದ್ದು ನೀನು."

"ಹೂಂ ಅಕ್ಕ. ಎಲ್ಲರದ್ದೂ ಕೆಡಿಸಿದ್ದೆ. ನಿಂದೊಂದೇ ಸರಿ ಮಾಡಿದ್ದೆ. ತಪ್ಪಾಯ್ತು." ಬೆಂಚಿನವರು ನೋಡುತ್ತಿದ್ದರು, ಕೌಂಟರಮ್ಮ ನೋಡದ ಹಾಗೆ ಫಾರ್ಮುಗಳನ್ನು ಜೋಡಿಸುತ್ತಿದ್ದಳು. ಅಕ್ಕ ಅಳುತ್ತಿದ್ದಾಳೆಯೋ, ಫೋನ್ ಇಟ್ಟುಬಿಟ್ಟಳೋ ಎಂದು ಅವನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಇಡ್ಬೇಡ, ಇರು," ಎಂದಳು ಅಕ್ಕ.

ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಕುರ್ಚಿ ಜರುಗಿದ ಸದ್ದು. ದೂರದಲ್ಲಿ ಮೈಕಿನ ಹುಡುಗಿ, "ಕೊಡಿ ಅಮ್ಮಾ, ನಾನೇ ಹೇಳ್ತೀನಿ," ಎಂದಳು. ಅಕ್ಕ ಏನೋ ಹೇಳಿದಳು, ಕೇಳಿಸಲಿಲ್ಲ. ಆಮೇಲೆ ಟಕ್ಕೆಂದು ಮೈಕಿನ ಗುಂಡಿ ಒತ್ತಿದ್ದು, ಅದರ ಹಿಂದೆಯೇ ಇಡೀ ಬಸ್‌ಸ್ಟ್ಯಾಂಡಿನ ಮೇಲೆ ಅಕ್ಕನ ಧ್ವನಿ. ಟೋಕನಮ್ಮನ ಪೂರ್ತಿ ಹೆಸರನ್ನು, ಮನೆತನದ ಹೆಸರಿನ ಸಮೇತ, ಊರುಗಳ ಹೆಸರನ್ನು ಹೇಳುತ್ತಿದ್ದ ಅದೇ ಗತ್ತಿನಲ್ಲಿ ಹೇಳಿದಳು. ಸ ಎಲ್ಲ ಗಾಳಿಯಾಗಿ, ದ ಎಲ್ಲ ಜಾರಿ ಹೋಗುತ್ತಾ ಬಂತು. ಲಗೇಜ್ ರೂಮಿನಲ್ಲಿರುವ ಇವರು ತಕ್ಷಣ ವಿಚಾರಣೆ ಕೌಂಟರಿಗೆ ಬರಬೇಕು, ಇವರ ಹಲ್ಲಿನ ಸರದಿ ಬಂದಿದೆ. ಪ್ಲಾಟ್‌ಫಾರ್ಮಿನಲ್ಲಿ ಯಾರೋ ಗೊಳ್ಳೆಂದು ನಕ್ಕರು, ಇನ್ನೂ ಕೆಲವರು ಸೇರಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಯಾವ ಪ್ರಕಟಣೆಯನ್ನಾದರೂ ಎರಡು ಸಲ ಹೇಳಬೇಕು. ಅಕ್ಕ ನಗು ನಿಲ್ಲುವವರೆಗೆ ಕಾದು, ಮೊದಲಿನಿಂದ, ಇನ್ನೂ ನಿಧಾನವಾಗಿ, ಒಂದಕ್ಷರ ಬಿಡದೆ ಎರಡನೇ ಸಲ ಹೇಳಿದಳು. ಅವನು ಎರಡೂ ಸಲ ಪೂರ್ತಿ ಕೇಳಿಸಿಕೊಂಡ.